ಪನಾಮ ಕಾಲುವೇಲಿ ಮನೆ ಮಂದಿಯೆಲ್ಲ ಬೋಟಲ್ಲಿ ಹೋಗೋದು ಹೇಗೆ

ಪನಾಮ ಸಿಟಿಗೆ ಹೋದ ನಮ್ಮ ಕಡೆಯೋರು ಬಹಳ ಜನ ಮಿರಾಫ್ಲೋರೆಸ್ ವಿಸಿಟರ್ ಸೆಂಟರ್‌ಗೆ ಟ್ಯಾಕ್ಸಿ ಮಾಡ್ಕೊಂಡು ಹೋಗಿ, ಬಾಲ್ಕನಿಯಿಂದ ಒಂದು ಹಡಗು ದಾಟೋದು ನೋಡಿ, ಫೋಟೋ ತಗೊಂಡು ಕಾಲುವೆ ನೋಡಿದ್ವಿ ಅಂತ ವಾಪಸ್ ಬರ್ತಾರೆ. ಅದು ತಪ್ಪಲ್ಲ, ಆದ್ರೆ ಅಷ್ಟು ದೂರ ಹೋದ ಮೇಲೆ ಬೋಟ್ ಹತ್ತಿ ಲಾಕ್ ಒಳಗೇ, ಅಂದ್ರೆ ಹಡಗನ್ನ ಏರಿಸಿ ಇಳಿಸೋ ಆ ನೀರಿನ ತೊಟ್ಟಿಯೊಳಗೇ, ಹೋಗಿ ಬನ್ನಿ ಅಂತ ನಾನು ಯಾರು ಕೇಳಿದ್ರೂ ಹೇಳ್ತೀನಿ. ಕಾಲ ಕೆಳಗಿನ ನೀರು ಇಳಿದು ಪಕ್ಕದ ಗೋಡೆ ಮೇಲೆ ಮೇಲೆ ಹೋಗೋದನ್ನ ಬಾಲ್ಕನಿಯಲ್ಲಿ ನಿಂತು ನೋಡೋದೇ ಬೇರೆ, ಒಳಗೆ ಕೂತು ನೋಡೋದೇ ಬೇರೆ. ನಾವು ಹ್ಯೂಸ್ಟನ್‌ನಿಂದ ಫೆಬ್ರವರಿಯಲ್ಲಿ ಹೋಗಿದ್ವಿ, ನಾನು, ಹೆಂಡತಿ, ಹನ್ನೊಂದು ವರ್ಷದ ಮಗ, ಆರು ವರ್ಷದ ಮಗಳು, ಜೊತೆಗೆ ಸಾಗರದಿಂದ ಬಂದಿದ್ದ ಅಪ್ಪಯ್ಯ ಅಮ್ಮ. ಅಪ್ಪಯ್ಯಂಗೆ ಎಪ್ಪತ್ತು, ಅಮ್ಮಂಗೆ ಮಂಡಿನೋವು. ಇಂಥ ಗುಂಪು ಕಟ್ಕೊಂಡು ಹೋಗೋರಿಗೆ ಉಪಯೋಗ ಆಗಲಿ ಅಂತ ಎಲ್ಲ ಬರೀತಿದೀನಿ.

ಮೊದಲು ಯಾವ ಟ್ರಿಪ್ ಅನ್ನೋದು. ಎರಡು ಥರ ಇದೆ. ಫುಲ್ ಟ್ರಾನ್ಸಿಟ್ ಅಂದ್ರೆ ಒಂದು ಸಮುದ್ರದಿಂದ ಇನ್ನೊಂದು ಸಮುದ್ರದವರೆಗೆ, ಸುಮಾರು 80 ಕಿಲೋಮೀಟರ್, ಇಡೀ ದಿನ ಹೋಗತ್ತೆ, ಬೆಳಗ್ಗೆ ಹೊರಟ್ರೆ ಕತ್ತಲಾಗೋ ಹೊತ್ತಿಗೆ ಹೋಟೆಲು. ಪಾರ್ಷಿಯಲ್ ಅಂದ್ರೆ ಗಂಬೋವಾ ಅನ್ನೋ ಊರಿಂದ ಪೆಸಿಫಿಕ್ ಕಡೆ ಅಮಡೋರ್‌ವರೆಗೆ, ನೀರ ಮೇಲೆ ನಾಲ್ಕೈದು ಗಂಟೆ. ನಾವು ಮೊದಲು ಫುಲ್ ಬುಕ್ ಮಾಡಿ ಆಮೇಲೆ ಪಾರ್ಷಿಯಲ್‌ಗೆ ಬದಲಿಸಿದ್ವಿ, ಅದೇ ಒಳ್ಳೇದಾಯ್ತು. ಫುಲ್‌ನಲ್ಲಿ ಗಟೂನ್ ಸರೋವರ ದಾಟೋಕೆ ಗಂಟೆಗಟ್ಟಲೆ ಬೇಕು, ನೀರು ಕಾಡು ನೀರು ಕಾಡು ಅಷ್ಟೇ, ದೊಡ್ಡವರಿಗೆ ಹಿತ ಆದ್ರೆ ಚಿಕ್ಕ ಮಕ್ಕಳು ಅಲ್ಲಿ ಸುಸ್ತಾಗಿ ರಗಳೆ ಶುರು ಮಾಡ್ತಾರೆ. ಪಾರ್ಷಿಯಲ್‌ನಲ್ಲಿ ಗುಡ್ಡ ಕಡಿದ ಜಾಗ, ಎರಡು ದೊಡ್ಡ ಸೇತುವೆ, ಮೂರು ಲಾಕ್ ಇಳಿಯೋದು, ಕೊನೆಗೆ ಸಮುದ್ರ, ಎಲ್ಲ ಬರತ್ತೆ. ಮಕ್ಕಳು ಹತ್ತು ಹನ್ನೆರಡರ ಮೇಲಿದ್ದು ವಯಸ್ಸಾದವರು ಗಟ್ಟಿಮುಟ್ಟಾಗಿದ್ರೆ ಮಾತ್ರ ಫುಲ್ ಯೋಚನೆ ಮಾಡಿ.

ದುಡ್ಡು ಕಮ್ಮಿ ಏನಲ್ಲ, ಪಾರ್ಷಿಯಲ್‌ಗೇ ದೊಡ್ಡವರಿಗೆ ತಲೆಗೆ 150 ಡಾಲರ್ ಮೇಲೆ ಇಟ್ಕೊಳ್ಳಿ, ಮಕ್ಕಳಿಗೆ ಸ್ವಲ್ಪ ಕಮ್ಮಿ, ಊಟ ಅದರಲ್ಲೇ ಸೇರಿರತ್ತೆ. ಅಲ್ಲಿ ಅಮೆರಿಕದ ಡಾಲರ್ರೇ ನಡೆಯೋದು, ಬಾಲ್ಬೋವಾ ಅಂತ ಅವರದ್ದೇ ಹೆಸರಿದ್ರೂ ನೋಟು ಡಾಲರ್, ಚಿಲ್ಲರೆ ಮಾತ್ರ ಅವರದ್ದು, ಹಾಗಾಗಿ ದುಡ್ಡು ಬದಲಿಸೋ ತಾಪತ್ರಯ ಇಲ್ಲ. ಈ ಬೋಟ್‌ಗಳು ದಿನಾ ಹೋಗಲ್ಲ, ವಾರದಲ್ಲಿ ಕೆಲವೇ ದಿನ, ಮಳೆಗಾಲದಲ್ಲಿ ಇನ್ನೂ ಕಮ್ಮಿ. ಅದಕ್ಕೆ ಮೊದಲು ಬೋಟಿನ ದಿನ ಗೊತ್ತು ಮಾಡ್ಕೊಂಡು ಆಮೇಲೆ ಫ್ಲೈಟ್ ಬುಕ್ ಮಾಡಿ, ಉಲ್ಟಾ ಮಾಡ್ಬೇಡಿ. ಇನ್ನೊಂದು, ಯಾವ ಹೊತ್ತಿಗೆ ಯಾವ ಲಾಕ್‌ಗೆ ಯಾರು ಹೋಗ್ಬೇಕು ಅಂತ ಹೇಳೋದು ಕಾಲುವೆಯೋರು, ಬೋಟಿನೋರ ಕೈಲಿ ಏನೂ ಇಲ್ಲ. ಸಮಯವೂ ಬದಲಾಗತ್ತೆ ದಿಕ್ಕೂ ಬದಲಾಗತ್ತೆ, ಗಂಬೋವಾದಿಂದ ಇಳೀಬೇಕು ಅಂದ್ಕೊಂಡಿದ್ದು ಅಮಡೋರ್‌ನಿಂದ ಹತ್ತೋದಾಗಬಹುದು, ನಮಗೆ ಹಿಂದಿನ ಸಂಜೆ ಮೆಸೇಜ್ ಬಂತು. ಅದೇ ದಿನ ಸಂಜೆ ಫ್ಲೈಟ್ ದಯವಿಟ್ಟು ಇಟ್ಕೋಬೇಡಿ.

ಕಾಲ ಯಾವುದು ಅಂದ್ರೆ ಡಿಸೆಂಬರ್ ನಡುವಿಂದ ಏಪ್ರಿಲ್‌ವರೆಗೆ ಅಲ್ಲಿ ಬೇಸಿಗೆ, ಮಳೆ ಇಲ್ಲ, ಗಾಳಿ ಇರತ್ತೆ. ಉಳಿದ ತಿಂಗಳಲ್ಲಿ ನಮ್ಮ ಮಲೆನಾಡಿನ ಥರ ಸುರಿಯತ್ತೆ.

ಕಾಗದ ಪತ್ರದ ವಿಷಯ ಸ್ವಲ್ಪ ಗಮನ ಇಟ್ಟು ಓದಿ. ಭಾರತದ ಪಾಸ್‌ಪೋರ್ಟ್ ಇದ್ದು ಅಮೆರಿಕದ ವೀಸಾ ಇರೋರನ್ನ ಪನಾಮ ಬೇರೆ ವೀಸಾ ಕೇಳದೆ ಬಿಡತ್ತೆ, ಆದ್ರೆ ಆ ವೀಸಾ ಒಮ್ಮೆಯಾದ್ರೂ ಬಳಸಿರ್ಬೇಕು, ಇಷ್ಟು ಅವಧಿ ಉಳಿದಿರ್ಬೇಕು ಅಂತೆಲ್ಲ ಶರತ್ತು ಇರತ್ತೆ, ಅವು ಬದಲಾಗ್ತಾ ಇರತ್ತೆ, ಟಿಕೆಟ್ ತಗೊಳ್ಳೋ ಮುಂಚೆ ಪನಾಮ ಕಾನ್ಸುಲೇಟಲ್ಲಿ ಕೇಳ್ಕೊಳ್ಳಿ. ಅದಕ್ಕಿಂತ ಜನ ಮರೆಯೋದು ಹಳದಿ ಜ್ವರದ ಲಸಿಕೆ. ಪನಾಮದಿಂದ ಹೊರಟು ಆರು ದಿನದೊಳಗೆ ಭಾರತಕ್ಕೆ ಬಂದು ಇಳಿಯೋರ ಹತ್ತಿರ ಯೆಲ್ಲೋ ಫೀವರ್ ಕಾರ್ಡ್ ಇರ್ಲೇಬೇಕು, ಇಲ್ಲಾಂದ್ರೆ ಏರ್‌ಪೋರ್ಟಿಂದ ಸೀದಾ ಕ್ವಾರಂಟೈನ್. ಲಸಿಕೆ ಹಾಕಿಸಿ ಹತ್ತು ದಿನ ಆದ ಮೇಲೇ ಕಾರ್ಡಿಗೆ ಬೆಲೆ, ಹಾಗಾಗಿ ಬೆಂಗಳೂರಿಂದ ಹೋಗಿ ಬರೋರು ಒಂದು ತಿಂಗಳು ಮುಂಚೆ ಹಾಕಿಸ್ಕೊಳ್ಳಿ. ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ತೊಂದರೆ ಆಗೋ ಸಾಧ್ಯತೆ ಸ್ವಲ್ಪ ಜಾಸ್ತಿ, ಡಾಕ್ಟರನ್ನ ಕೇಳ್ದೆ ಹಾಕಿಸಬೇಡಿ. ನಮ್ಮ ಅಪ್ಪಯ್ಯ ಅಮ್ಮ ಪನಾಮದಿಂದ ಹ್ಯೂಸ್ಟನ್‌ಗೆ ಬಂದು ಎರಡು ತಿಂಗಳು ಇದ್ದು ಆಮೇಲೆ ಊರಿಗೆ ಹೋದ್ರು, ಹಾಗಾಗಿ ಅವರಿಗೆ ಆ ಪ್ರಶ್ನೆ ಬರಲಿಲ್ಲ.

ಇದೇ ಹಳದಿ ಜ್ವರ ಈ ಕಾಲುವೆ ಕತೇಲಿ ದೊಡ್ಡ ಪಾತ್ರ, ಮಕ್ಕಳಿಗೆ ಮೊದಲೇ ಹೇಳಿಡಿ. 1881ರಲ್ಲಿ ಶುರು ಮಾಡಿದವರು ಫ್ರೆಂಚರು, ಸೂಯೆಜ್ ತೋಡಿಸಿದ ಲೆಸೆಪ್ಸ್ ಅವರದ್ದೇ ಮುಂದಾಳತ್ವ, ಸೂಯೆಜ್ ಥರ ಸಮುದ್ರ ಮಟ್ಟಕ್ಕೇ ತೋಡ್ತೀವಿ ಅಂತ ಹೊರಟರು. ಅಲ್ಲಿ ಮರಳು, ಇಲ್ಲಿ ಗುಡ್ಡ, ಮಳೆ, ಸೊಳ್ಳೆ. ಸುಮಾರು 22,000 ಜನ ಸತ್ತರು ಅಂತ ಅಂದಾಜು, 1889ಕ್ಕೆ ಕಂಪನಿ ಮುಳುಗ್ತು. 1904ರಲ್ಲಿ ಅಮೆರಿಕದವರು ಕೈ ಹಾಕಿದಾಗ ಗೊರ್ಗಾಸ್ ಅನ್ನೋ ಮಿಲಿಟರಿ ಡಾಕ್ಟರ್ ಮೊದಲು ಈ ಜ್ವರ ಹರಡೋ ಸೊಳ್ಳೆ ಹಿಂದೆ ಬಿದ್ದರು, ನಿಂತ ನೀರಿಗೆ ಎಣ್ಣೆ, ಕಿಟಕಿಗೆ ಜಾಲರಿ, ಊರಿಗೆ ನಲ್ಲಿ ನೀರು, ಚರಂಡಿ. ಎರಡೇ ವರ್ಷದಲ್ಲಿ ಹಳದಿ ಜ್ವರ ಅಲ್ಲಿಂದ ಹೋಯ್ತು. ಆದ್ರೂ ಅಮೆರಿಕದ ಕಾಲದಲ್ಲೂ 5,609 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಬಾರ್ಬಡೋಸ್ ಥರದ ಕೆರಿಬಿಯನ್ ದ್ವೀಪಗಳಿಂದ ಬಂದ ಕೂಲಿಯವರು. ಬೋಟಲ್ಲಿ ಮೈಕ್ ಹಿಡಿದ ಗೈಡ್ ಇದನ್ನ ಎರಡು ನಿಮಿಷದಲ್ಲಿ ಹೇಳಿ ಮುಗಿಸ್ತಾರೆ, ಗಾಳೀಲಿ ಸರಿ ಕೇಳಿಸಲ್ಲ ಬೇರೆ. ಹಿಂದಿನ ರಾತ್ರಿ ಮಲಗೋ ಹೊತ್ತಲ್ಲಿ ಕತೆ ಥರ ಹೇಳಿದ್ರೆ ಮಾರನೇ ದಿನ ಆ ಗುಡ್ಡ ನೋಡುವಾಗ ಮಕ್ಕಳ ಮುಖವೇ ಬೇರೆ ಇರತ್ತೆ, ನಮ್ಮ ಮಗ ಕುಲೆಬ್ರಾ ಕಟ್ ಅನ್ನೋ ಆ ಗುಡ್ಡ ಕಡಿದ ಜಾಗ ಬಂದಾಗ ಟೋಪಿ ತೆಗೆದು ನಿಂತ, ನಾವು ಯಾರೂ ಹೇಳಿರಲಿಲ್ಲ.

ಲಾಕ್ ಹೇಗೆ ಕೆಲಸ ಮಾಡತ್ತೆ ಅನ್ನೋದನ್ನೂ ಮೊದಲೇ ಹೇಳ್ಕೊಡಿ, ಅಲ್ಲಿ ಹೋಗಿ ಹೇಳೋಕೆ ಟೈಮ್ ಸಿಗಲ್ಲ. ಚಾಗ್ರೆಸ್ ಅನ್ನೋ ನದಿಗೆ ಗಟೂನ್‌ನಲ್ಲಿ ಅಣೆಕಟ್ಟು ಕಟ್ಟಿ ಸಮುದ್ರಕ್ಕಿಂತ 26 ಮೀಟರ್ ಎತ್ತರದಲ್ಲಿ ಒಂದು ದೊಡ್ಡ ಸರೋವರ ಮಾಡಿದಾರೆ. ಹಡಗು ಒಂದು ಕಡೆಯಿಂದ ನೀರಿನ ಮೆಟ್ಟಿಲು ಹತ್ತಿ, ಸರೋವರ ದಾಟಿ, ಇನ್ನೊಂದು ಕಡೆ ಮೆಟ್ಟಿಲು ಇಳಿಯತ್ತೆ. ಮೆಟ್ಟಿಲು ಅಂದ್ರೆ ಒಂದೊಂದೂ 305 ಮೀಟರ್ ಉದ್ದ 33.5 ಮೀಟರ್ ಅಗಲದ ಕಾಂಕ್ರೀಟ್ ತೊಟ್ಟಿ, ಎರಡೂ ತುದಿಗೆ ಗೇಟು. ನೀರು ಬಿಡೋಕೆ ಪಂಪ್ ಇಲ್ಲ, ಒಂದೂ ಇಲ್ಲ. ಮೇಲಿನ ನೀರು ಗೋಡೆಯೊಳಗಿನ ಸುರಂಗದಲ್ಲಿ ತಾನಾಗೇ ಕೆಳಗಿನ ತೊಟ್ಟಿಗೆ ಬಂದು ಮಟ್ಟ ಸಮ ಆದ ಮೇಲೆ ನಿಲ್ಲತ್ತೆ, ಆಗ ಗೇಟ್ ತೆಗೀತಾರೆ. ಮಕ್ಕಳಿಗೆ ಎರಡು ಬಕೆಟ್, ಒಂದು ಪೈಪ್ ಇಟ್ಕೊಂಡು ಬಾತ್‌ರೂಮಲ್ಲಿ ತೋರಿಸಿದ್ವಿ. ಅಪ್ಪಯ್ಯಂಗೆ ಏನೂ ತೋರಿಸಬೇಕಾಗಲಿಲ್ಲ, "ಹಂಗಾರೆ ನಮ್ಮ ಗುಡ್ಡದ ದಂಬೆ ನೀರೇ ಅಲ್ವೋ ಮಾರಾಯ" ಅಂದ್ರು. ಅಡಿಕೆ ಮರದ ದಂಬೇಲಿ ಅಬ್ಬಿ ನೀರನ್ನ ಅಂಗಳಕ್ಕೆ ತರಿಸ್ಕೊಂಡು ಬೆಳೆದವರಿಗೆ ಇದು ಅರ್ಥ ಆಗೋಕೆ ಒಂದು ನಿಮಿಷ ಸಾಕು. 1914ರ ಆಗಸ್ಟ್ 15ಕ್ಕೆ ಶುರುವಾದ ಕಾಲುವೆ ಇವತ್ತಿಗೂ ಅದೇ ಲೆಕ್ಕದಲ್ಲಿ ನಡೀತಿದೆ.

ಈಗ ಹೊರಡೋ ದಿನ. ಬೆಳಗ್ಗೆ ಏಳರ ಹೊತ್ತಿಗೆ ಅಮಡೋರ್ ಕಾಸ್‌ವೇಗೆ ಬರೋಕೆ ಹೇಳ್ತಾರೆ, ಅಲ್ಲಿಂದ ಬಸ್ಸಲ್ಲಿ ಗಂಬೋವಾ. ಆ ಕಾಸ್‌ವೇ ಇದೆಯಲ್ಲ, ಸಮುದ್ರದೊಳಗೆ ಸಣ್ಣ ದ್ವೀಪಗಳನ್ನ ಸೇರಿಸಿರೋ ರಸ್ತೆ, ಅದು ಕಾಲುವೆ ತೋಡಿದಾಗ ಬಂದ ಕಲ್ಲಲ್ಲೇ ಹಾಕಿದ್ದು. ವಯಸ್ಸಾದವರಿದ್ರೆ ಒಂದು ಮಾತು, ಪೆಸಿಫಿಕ್ ಕಡೆ ಉಬ್ಬರ ಇಳಿತ ಐದಾರು ಮೀಟರ್‌ವರೆಗೂ ಇರತ್ತೆ, ನಮ್ಮ ಕಾರವಾರ ಮಂಗಳೂರಿನ ಥರ ಅಲ್ಲ. ಇಳಿತ ಇದ್ದಾಗ ಜೆಟ್ಟಿಯಿಂದ ದಡಕ್ಕೆ ಹತ್ತೋ ಹಲಗೆ ಕಡಿದಾಗಿರತ್ತೆ, ಅಮ್ಮ ಅಲ್ಲಿ ನಿಂತು ನಿಂತು ಹತ್ತಬೇಕಾಯ್ತು. ಸಿಬ್ಬಂದಿಗೆ ಮೊದಲೇ ಹೇಳಿ, ಕೈ ಹಿಡೀತಾರೆ, ಎಲ್ಲರೂ ಇಳಿದ ಮೇಲೆ ನಿಧಾನಕ್ಕೆ ಇಳೀರಿ. ರಬ್ಬರ್ ಅಡಿ ಇರೋ ಚಪ್ಪಲಿ ಹಾಕ್ಕೊಳ್ಳಿ.

ಬ್ಯಾಗಲ್ಲಿ ಟೋಪಿ, ಸನ್‌ಸ್ಕ್ರೀನ್, ತೆಳ್ಳಗಿನ ಉದ್ದ ತೋಳಿನ ಅಂಗಿ, ನೀರಿನ ಬಾಟಲು ಇರಲಿ, ವಾಂತಿ ಮಾತ್ರೆ ಬೇಕಾಗಲ್ಲ ಯಾಕಂದ್ರೆ ಕಾಲುವೇಲಿ ಅಲೆ ಅನ್ನೋದೇ ಇಲ್ಲ. ಬೈನಾಕ್ಯುಲರ್ ಇದ್ರೆ ತಗೊಂಡು ಹೋಗಿ, ಮೊಸಳೆ, ಪೆಲಿಕನ್, ಹಡಗಿನ ಹೆಸರು ಓದೋಕೆ ಎಲ್ಲದಕ್ಕೂ ಆಗತ್ತೆ. ಊಟಕ್ಕೆ ಸಸ್ಯಾಹಾರ ಅಂತ ಬುಕಿಂಗ್ ಮಾಡುವಾಗಲೇ ಬರೀರಿ, ಆಮೇಲೆ ಬೋಟಲ್ಲೂ ಹೇಳಿ, "ಸಿನ್ ಕಾರ್ನೆ, ಸಿನ್ ಪೋಯೋ, ಸಿನ್ ಪೆಸ್ಕಾದೋ" ಅಂದ್ರೆ ಮಾಂಸ ಕೋಳಿ ಮೀನು ಯಾವುದೂ ಬೇಡ ಅಂತ. ಬರೀ ಕಾರ್ನೆ ಬೇಡ ಅಂದ್ರೆ ಕೋಳಿ ಬರಬಹುದು, ಅದಕ್ಕೆ ಮೂರೂ ಹೇಳಿ. ಹುರುಳಿಯಂಥ ಕಾಳಿನ ಪಲ್ಯದಲ್ಲಿ ಕೆಲವು ಕಡೆ ಹಂದಿ ಮಾಂಸ ಹಾಕಿರ್ತಾರೆ, ಕೇಳಿ ತಿನ್ನಿ. ನಾವು ಚಪಾತಿ, ಉಪ್ಪಿನಕಾಯಿ, ಅವಲಕ್ಕಿ ಚೂಡ ಕಟ್ಕೊಂಡೇ ಹೋಗಿದ್ವಿ. ಊರಲ್ಲಿ ಏನು ತಿನ್ನೋದು ಅಂತ ಹೆದರಬೇಡಿ, ಮರಗೆಣಸು ಕರಿದದ್ದು, ಬಾಳೆಕಾಯಿ ತಟ್ಟಿ ಕರಿದ ಪಟಕೋನೆಸ್, ತೆಂಗಿನಹಾಲಿನ ಅನ್ನ, ಅಮ್ಮಂಗೆ ಇದೆಲ್ಲ ನಮ್ಮ ಮನೆ ಊಟವೇ ಅನ್ನಿಸ್ತು. ಎಳನೀರಿಗೆ ಅಲ್ಲಿ ಪೀಪಾ ಅಂತಾರೆ, ರಸ್ತೆ ಬದಿ ಸಿಗತ್ತೆ.

ಗಂಬೋವಾದಿಂದ ಹೊರಟರೆ ಎಡಗಡೆ ಕೂತ್ಕೊಳ್ಳಿ. ಗೋಲ್ಡ್ ಹಿಲ್ ಅನ್ನೋ ಗುಡ್ಡ ಆ ಕಡೆ, ಮಿರಾಫ್ಲೋರೆಸ್ ವಿಸಿಟರ್ ಸೆಂಟರೂ ಆ ಕಡೆ. ಮೇಲಿನ ಡೆಕ್ಕಲ್ಲಿ ನೆರಳಿರೋ ಕಡೆ ಒಬ್ಬರು ಮೊದಲು ಓಡಿ ಸೀಟು ಹಿಡೀರಿ, ಲಾಕ್ ಒಳಗೆ ಹೋದಾಗ ಮಾತ್ರ ಎಲ್ಲರೂ ಮುಂದಿನ ತುದಿಗೆ ಹೋಗಿ. ಹೊರಟ ಕೂಡ್ಲೇ ಬರೋದು ಕುಲೆಬ್ರಾ ಕಟ್, ಸುಮಾರು 13 ಕಿಲೋಮೀಟರ್, ಅಮೆರಿಕ ಖಂಡದ ಬೆನ್ನೆಲುಬು ಅಂತೀವಲ್ಲ ಆ ಗುಡ್ಡದ ಸಾಲನ್ನ ಸೀಳಿದ ಜಾಗ. ಎಷ್ಟು ತೋಡಿದ್ರೂ ಮತ್ತೆ ಮತ್ತೆ ಕುಸೀತಿತ್ತಂತೆ, ಈಗಲೂ ಗುಡ್ಡಾನ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಇಟ್ಟಿರೋದು ಕಾಣತ್ತೆ. ಇಲ್ಲಿ ಎದುರಿಂದ ದೊಡ್ಡ ಹಡಗು ಬಂದ್ರೆ ನಮ್ಮ ಬೋಟ್ ಅಂಚಿಗೆ ಸರೀತದೆ, ಕಂಟೇನರ್‌ಗಳು ಹತ್ತು ಮಹಡಿ ಎತ್ತರಕ್ಕೆ ಪಕ್ಕದಲ್ಲೇ ಸದ್ದಿಲ್ಲದೆ ಹೋಗ್ತವೆ. ಆಮೇಲೆ ಸೆಂಟೆನಿಯಲ್ ಬ್ರಿಡ್ಜ್, 2004ರದ್ದು. ಅದು ದಾಟಿದ್ರೆ ಪೆದ್ರೋ ಮಿಗೆಲ್ ಲಾಕ್.

ಲಾಕಲ್ಲಿ ನಿಮ್ಮ ಬೋಟ್ ಒಂದೇ ಇರಲ್ಲ, ಸಣ್ಣ ಬೋಟ್‌ಗೆ ಅಂತ ಅಷ್ಟು ನೀರು ಖರ್ಚು ಮಾಡಲ್ಲ, ಹಡಗಿನ ಜೊತೆಗೇ ಹಾಕ್ತಾರೆ. ಇಳಿಯುವಾಗ ಸಾಮಾನ್ಯವಾಗಿ ಸಣ್ಣದು ಮುಂದೆ, ಹಡಗು ಹಿಂದೆ. ನಾವು ಗೇಟಿನ ಹತ್ತಿರ ಹಗ್ಗ ಕಟ್ಟಿ ನಿಂತ ಮೇಲೆ ಹಿಂದಿನಿಂದ ಆ ದೊಡ್ಡ ಹಡಗಿನ ಮೂತಿ ನಿಧಾನಕ್ಕೆ ನಮ್ಮ ಕಡೆ ಬರ್ತಾ ಇರೋದು ನೋಡಿ ಮಗಳು ಹೆದರಿ ಅಜ್ಜಿ ಸೆರಗು ಹಿಡ್ಕೊಂಡಳು. ಚಿಕ್ಕವರಿಗೆ ಮೊದಲೇ ಹೇಳಿಡಿ, ಎರಡು ಬದಿಯ ಗೋಡೆ ಮೇಲೆ ಹಳಿ ಇದೆ, ಅದರ ಮೇಲೆ ಮ್ಯೂಲ್ ಅಂತ ಕರೆಯೋ ಎಲೆಕ್ಟ್ರಿಕ್ ಇಂಜಿನ್‌ಗಳು ತಂತಿ ಹಗ್ಗದಲ್ಲಿ ಹಡಗನ್ನ ನಡುವೆ ಹಿಡ್ಕೊಂಡಿರ್ತವೆ, ಅದು ನಮ್ಮ ಮೇಲೆ ಬರಲ್ಲ ಅಂತ. ಹಳೇ ಲಾಕಿಗೆ ಬರೋ ಅತಿ ದೊಡ್ಡ ಹಡಗು 32.3 ಮೀಟರ್ ಅಗಲ, ತೊಟ್ಟಿ 33.5, ಅಂದ್ರೆ ಪಕ್ಕಕ್ಕೆ ಉಳಿಯೋದು ಒಂದೊಂದು ಕಡೆ ಎರಡು ಅಡಿ. ಮಗ ಮೊಳಕೈ ಚಾಚಿ ಇಷ್ಟೇನಾ ಅಂತ ಅಳೆದು ನೋಡಿದ.

ಗೇಟ್ ಮುಚ್ಚಿದ ಮೇಲೆ ಫೋನ್ ಒಳಗಿಡಿ. ಗೋಡೇಲಿ ಒಂದು ಗುರುತು, ಏಣಿ ಮೆಟ್ಟಿಲೋ ಕಲೆಯೋ ಏನಾದ್ರೂ ನೋಡ್ಕೊಂಡು ಮಕ್ಕಳಿಗೆ ಅದನ್ನೇ ನೋಡ್ತಿರೋಕೆ ಹೇಳಿ. ಸದ್ದಿಲ್ಲ, ಅಲುಗಾಟ ಇಲ್ಲ, ಹತ್ತು ನಿಮಿಷದೊಳಗೆ ಮೂರು ಮಹಡಿಯಷ್ಟು ಕೆಳಗೆ ಹೋಗಿರ್ತೀವಿ, ಒದ್ದೆ ಕಪ್ಪು ಗೋಡೆ ಎರಡೂ ಕಡೆ ಎದ್ದು ನಿಂತಿರತ್ತೆ, ಬಾವಿಯೊಳಗಿನ ತಂಪು ವಾಸನೆ ಬರತ್ತೆ. ಆಮೇಲೆ ಎರಡು ಮೀಟರ್ ದಪ್ಪದ ಗೇಟು ಮಧ್ಯದಿಂದ ಬಿರುಕು ಬಿಟ್ಟು ತೆರೆಯತ್ತೆ. ಆ ಗೇಟುಗಳು ಒಳಗೆ ಪೊಳ್ಳು, ನೀರಲ್ಲಿ ಅರ್ಧ ತೇಲ್ತಾ ಇರೋದ್ರಿಂದ ಸಣ್ಣ ಮೋಟಾರಿಗೇ ತಿರುಗ್ತವೆ. ಪೆದ್ರೋ ಮಿಗೆಲಲ್ಲಿ ಇದು ಒಂದು ಸಲ, ಸಣ್ಣ ಕೆರೆ ದಾಟಿ ಮಿರಾಫ್ಲೋರೆಸಲ್ಲಿ ಎರಡು ಸಲ. ಮಿರಾಫ್ಲೋರೆಸ್ ಬಾಲ್ಕನೀಲಿ ನಿಂತಿರೋ ಜನ ಕೈ ಬೀಸ್ತಾರೆ, ಮಕ್ಕಳು ಕುಣಿದುಬಿಡ್ತಾರೆ. ಕೊನೇ ಗೇಟ್ ತೆರೆದ ಮೇಲೆ ಬರೋದು ಪೆಸಿಫಿಕ್ ಉಪ್ಪು ನೀರು, ಸ್ವಲ್ಪ ಹೊತ್ತಿಗೆ ಬ್ರಿಡ್ಜ್ ಆಫ್ ದಿ ಅಮೆರಿಕಾಸ್ ಕೆಳಗೆ ಹೋಗಿ ಅಮಡೋರ್. ಅಮ್ಮ ಕೊನೇ ಗೇಟ್ ತೆರೆದಾಗ ಕೈ ಮುಗಿದ್ರು.

ಒಂದು ಲಾಕ್ ತುಂಬೋಕೆ ಸುಮಾರು 10 ಕೋಟಿ ಲೀಟರ್ ಸಿಹಿ ನೀರು, ಇತ್ತ ಅತ್ತ ಸೇರಿ ಒಂದು ಹಡಗು ದಾಟೋಕೆ 20 ಕೋಟಿ, ಎಲ್ಲ ಸಮುದ್ರಕ್ಕೆ ಹೋಗತ್ತೆ. 2016ರಲ್ಲಿ ಶುರುವಾದ ಹೊಸ ದೊಡ್ಡ ಲಾಕ್‌ಗಳಲ್ಲಿ ಪಕ್ಕದ ತೊಟ್ಟಿಗಳಿಗೆ ಬಿಟ್ಟು ಶೇಕಡಾ 60ರಷ್ಟು ಮತ್ತೆ ಬಳಸ್ತಾರೆ. ಅದೇ ಸರೋವರದಿಂದ ಪನಾಮದ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಕುಡಿಯೋ ನೀರು ಬೇರೆ ಹೋಗ್ಬೇಕು. 2023ರಲ್ಲಿ ಮಳೆ ಕೈ ಕೊಟ್ಟಾಗ ದಿನಕ್ಕೆ 36ರ ಮೇಲೆ ದಾಟ್ತಿದ್ದ ಹಡಗುಗಳನ್ನ ವರ್ಷದ ಕೊನೆಗೆ 24ರ ಆಸುಪಾಸಿಗೆ ಇಳಿಸಿದ್ರು. ಕೆಆರ್‌ಎಸ್ 124.80 ಅಡಿ ಮುಟ್ಟಿತಾ ಅಂತ ನಾವು ದಿನಾ ಪೇಪರಲ್ಲಿ ನೋಡೋ ಹಾಗೆ ಗಟೂನ್ ಮಟ್ಟ ಅಲ್ಲಿ ಎಲ್ಲರ ಬಾಯಲ್ಲಿ. ಬರಗಾಲದ ವರ್ಷ ಆದ್ರೆ ಬೋಟ್ ಟ್ರಿಪ್ ನಡೀತಿದೆಯಾ ಅಂತ ಕೇಳಿ ಹೊರಡಿ.

ಒಂದು ದಿನ ಜಾಸ್ತಿ ಇದ್ರೆ ಗಂಬೋವಾಕ್ಕೆ ಮತ್ತೆ ಹೋಗಿ ಸಣ್ಣ ಮೋಟಾರ್ ಬೋಟಲ್ಲಿ ಗಟೂನ್ ಸರೋವರ ನೋಡಿ. ಮಂಗ ನೋಡೋಕೆ ಅಂತ ಎಲ್ಲ ಹೋಗೋದು, ಬೆಳಗ್ಗೆ ಬೇಗ ಹೋದ್ರೆ ಸಿಗ್ತವೆ, ಲೈಫ್ ಜಾಕೆಟ್ ಬಿಚ್ಚಬೇಡಿ, ನೀರಿಗೆ ಕೈ ಬಿಡಬೇಡಿ, ಮೊಸಳೆ ಇದಾವೆ. ಆದ್ರೆ ನಾನು ಹೇಳ್ತಿರೋದು ಅಲ್ಲಿನ ಬೊಡ್ಡೆಗಳಿಗಾಗಿ. ನೂರು ವರ್ಷದ ಹಿಂದೆ ಮುಳುಗಿದ ಕಾಡಿನ ಮರಗಳ ಬೊಡ್ಡೆ ಇವತ್ತಿಗೂ ನೀರಿಂದ ಮೇಲೆ ನಿಂತಿವೆ. ನಮ್ಮ ಅಜ್ಜನ ಮನೆ, ತೋಟ ಎಲ್ಲ 1964ರಲ್ಲಿ ಲಿಂಗನಮಕ್ಕಿ ಮುಳುಗಡೇಲಿ ಹೋದದ್ದು, ಅಪ್ಪಯ್ಯ ಆಗ ಚಿಕ್ಕ ಹುಡುಗ. ಸಿಗಂದೂರಿಗೆ ಲಾಂಚಲ್ಲಿ ಹೋಗುವಾಗೆಲ್ಲ ಹಿನ್ನೀರಿನ ಬೊಡ್ಡೆ ತೋರಿಸಿ ಅಲ್ಲೇ ಎಲ್ಲೋ ನಮ್ಮ ಅಂಗಳ ಅನ್ನೋರು. ಇಲ್ಲಿ ಬೊಡ್ಡೆ ಕಂಡ ಕೂಡ್ಲೇ ಮಾತು ನಿಲ್ಲಿಸಿಬಿಟ್ರು, ಆಮೇಲೆ ಬೋಟಿನವನ್ನ ಕೇಳು ಇದರ ಕೆಳಗೆ ಊರಿತ್ತಾ ಅಂತ ಅಂದ್ರು. ಫೋನಲ್ಲಿ ಸ್ಪ್ಯಾನಿಷ್‌ಗೆ ಮಾಡಿ ತೋರಿಸಿದೆ. ಅವನು ಇಂಜಿನ್ ಆಫ್ ಮಾಡಿ ಕೈ ತೋರಿಸಿ ಗೊರ್ಗೋನಾ, ಮಟಾಚಿನ್ ಅಂತ ಹೆಸರು ಹೇಳಿದ. ಗೊರ್ಗೋನಾದವರು ಪೆಸಿಫಿಕ್ ದಡಕ್ಕೆ ಹೋಗಿ ಹೊಸ ಊರು ಕಟ್ಟಿ ಅದಕ್ಕೂ ನುಯೆವಾ ಗೊರ್ಗೋನಾ, ಅಂದ್ರೆ ಹೊಸ ಗೊರ್ಗೋನಾ, ಅಂತಲೇ ಹೆಸರಿಟ್ಟಿದಾರೆ, ಇವತ್ತಿಗೂ ಆ ಊರಿದೆ. ಅಪ್ಪಯ್ಯ ಆ ಹೆಸರನ್ನ ಎರಡು ಸಲ ಹೇಳಿಸ್ಕೊಂಡು ಕೇಳಿದ್ರು. ಇಂಜಿನ್ ಮತ್ತೆ ಶುರು ಮಾಡೋವರೆಗೂ ನಾವ್ಯಾರೂ ಮಾತಾಡಲಿಲ್ಲ. ಆ ಸಣ್ಣ ಬೋಟಿಗೆ ಎರಡು ಗಂಟೆ ಸಾಕು, ಬಿಸಿಲೇರೋ ಮುಂಚೆ, ಎಂಟಕ್ಕೆಲ್ಲ ನೀರ ಮೇಲಿರಿ.